ಗುಜರಿಯಿಂದ ರಸ್ತೆಗೆ: ಹಳೇ ಪಿಕಪ್ ರಿಪೇರಿಯ ನೂರು ವರ್ಷದ ಕಥೆ

ಇವತ್ತಿನ ಸಂಚಿಕೆಯ ವಿಷಯ ಹಳೇ ಪಿಕಪ್ ಗಾಡಿ. ನಿಮ್ಮೂರಿನ ಗ್ಯಾರೇಜಿನ ಹಿಂದೆ, ಟೈರಿನ ಗಾಳಿ ಇಳಿದು, ಡಾಲಾ ತುಂಬ ಒಣಗಿದ ಎಲೆ ತುಂಬ್ಕೊಂಡು ನಿಂತಿರುತ್ತಲ್ಲ, ಅದೇ. ಅದನ್ನ ಮತ್ತೆ ಓಡಿಸಬಹುದಾ, ಕೈಯಲ್ಲಿರೋ ಅಷ್ಟಿಷ್ಟು ದುಡ್ಡಲ್ಲಿ ಆಗುತ್ತಾ ಅನ್ನೋದು ತುಂಬಾ ಹಳೇ ಪ್ರಶ್ನೆ. ಪಿಕಪ್ ಅನ್ನೋ ಗಾಡಿ ಹುಟ್ಟಿದ್ದೇ ಈ ಪ್ರಶ್ನೆಯಿಂದ ಅಂತ ಹೇಳಿದರೂ ತಪ್ಪಾಗಲ್ಲ.

ಇದರಲ್ಲಿ ಇತಿಹಾಸ ಏನಿದೆ ಅಂತ ನೀವು ಕೇಳಬಹುದು. ಸಾಕಷ್ಟಿದೆ. ಅಮೆರಿಕದ ಆರ್ಥಿಕ ಕುಸಿತ, ಎರಡನೇ ಮಹಾಯುದ್ಧ, ಸ್ವತಂತ್ರ ಭಾರತದ ಮೊದಲ ದೊಡ್ಡ ಹಗರಣ, ಬೆಂಗಳೂರಿನ ವಿಮಾನ ಕಾರ್ಖಾನೆ, ಕೊಡಚಾದ್ರಿಯ ದಾರಿ, ಸುಪ್ರೀಂ ಕೋರ್ಟಿನ ಒಂದು ತೀರ್ಪು ಎಲ್ಲವೂ ಈ ಕಥೆಯಲ್ಲಿ ಬರುತ್ತವೆ. ಒಂದೊಂದಾಗಿ ನೋಡೋಣ.

ಕಂಪನಿಗಿಂತ ಮೊದಲೇ ರೈತರು ಮಾಡಿದ್ದು

1908ರಲ್ಲಿ ಹೆನ್ರಿ ಫೋರ್ಡ್ ಮಾಡೆಲ್ ಟಿ ಕಾರನ್ನು ಮಾರುಕಟ್ಟೆಗೆ ತಂದ. ಶುರುವಿನ ಬೆಲೆ 850 ಡಾಲರ್. ನಾಲ್ಕು ಸಿಲಿಂಡರು, 20 ಅಶ್ವಶಕ್ತಿ. ಇವತ್ತಿನ ಲೆಕ್ಕದಲ್ಲಿ ಅದು ಒಂದು ಒಳ್ಳೇ ಮೋಟರ್ ಬೈಕಿನಷ್ಟು ಶಕ್ತಿ. ಆದರೆ ನೆಲದಿಂದ ಸಾಕಷ್ಟು ಎತ್ತರ ಇತ್ತು, ಉಕ್ಕು ಗಟ್ಟಿ ಇತ್ತು, ಕೆಸರು ರಸ್ತೆಯಲ್ಲಿ ಓಡ್ತಿತ್ತು. ಹಳ್ಳಿಯ ರೈತರು ಅದನ್ನೇ ಕೊಂಡರು.

ಕೊಂಡ ಮೇಲೆ ಅವರು ಅದನ್ನ ಬರೀ ಕಾರಾಗಿ ಬಿಡಲಿಲ್ಲ. ಹಿಂದಿನ ಸೀಟೋ ಡಿಕ್ಕಿಯೋ ಬಿಚ್ಚಿ, ಅಲ್ಲಿ ಮರದ ಪೆಟ್ಟಿಗೆ ಕೂರಿಸಿ, ಹಾಲಿನ ಕ್ಯಾನು, ಜೋಳದ ಚೀಲ, ಹಂದಿಮರಿ ಎಲ್ಲವನ್ನೂ ಸಾಗಿಸಿದರು. ಹಿಂದಿನ ಚಕ್ರವನ್ನು ಜಾಕಿಯಲ್ಲಿ ಎತ್ತಿ, ಅದಕ್ಕೆ ಬೆಲ್ಟು ಹಾಕಿ ಗರಗಸ ಓಡಿಸಿದರು, ನೀರಿನ ಪಂಪು ಓಡಿಸಿದರು. 1917ರಲ್ಲಿ ಫೋರ್ಡ್ ಕಂಪನಿ ಮಾಡೆಲ್ ಟಿಟಿ ಅಂತ ಒಂದು ಟನ್ನಿನ ಟ್ರಕ್ಕು ತಂದಾಗ ಶುರುವಿನಲ್ಲಿ ಕೊಟ್ಟಿದ್ದು ಬರೀ ಚಾಸಿ. ಕ್ಯಾಬಿನ್ನು, ಬಾಡಿ ನೀವೇ ಕಟ್ಟಿಸ್ಕೊಳ್ಳಿ ಅನ್ನೋ ಲೆಕ್ಕ. ನಮ್ಮಲ್ಲಿ ಲಾರಿ ಚಾಸಿ ತಂದು ಬಾಡಿ ಕಟ್ಟಿಸೋ ಪದ್ಧತಿ ಇದೆಯಲ್ಲ, ಹಾಗೆಯೇ.

ಕಾರ್ಖಾನೆಯಲ್ಲೇ ಸಿದ್ಧವಾದ ಫೋರ್ಡ್ ಪಿಕಪ್ ಬಂದದ್ದು 1925ರ ಏಪ್ರಿಲ್‌ನಲ್ಲಿ. ಬೆಲೆ 281 ಡಾಲರ್. ರೈತರು ವರ್ಷಗಟ್ಟಲೆ ಕೊಟ್ಟಿಗೆಯಲ್ಲಿ ಮಾಡ್ಕೊಳ್ತಿದ್ದದ್ದನ್ನ ಕಂಪನಿ ಕೊನೆಗೆ ತಾನೇ ಮಾಡಿ ಮಾರೋಕೆ ಶುರು ಮಾಡ್ತು.

ಈ ಗಾಡಿಯ ರಿಪೇರಿ ಅಗ್ಗವಾಗಿದ್ದಕ್ಕೆ ಕಾರಣ ಇದೆ. 1908ರಿಂದ 1927ರವರೆಗೆ ಮೂಲ ವಿನ್ಯಾಸ ಹೆಚ್ಚೂಕಮ್ಮಿ ಒಂದೇ. ತಯಾರಾದದ್ದು ಒಂದೂವರೆ ಕೋಟಿಗೂ ಹೆಚ್ಚು. ಹಾಗಾಗಿ ಕೆಟ್ಟು ನಿಂತ ಒಂದು ಗಾಡಿಯ ಭಾಗಗಳಿಂದ ಮೂರು ಗಾಡಿ ಓಡಿಸಬಹುದಿತ್ತು. ಪೆಟ್ರೋಲ್ ಪಂಪು ಅಂತ ಒಂದು ಭಾಗವೇ ಇರಲಿಲ್ಲ. ಸೀಟಿನ ಕೆಳಗಿನ ಟ್ಯಾಂಕಿನಿಂದ ಪೆಟ್ರೋಲು ತಾನಾಗಿ ಇಳಿದು ಎಂಜಿನ್ನಿಗೆ ಬರ್ತಿತ್ತು. ಕಡಿದಾದ ಏರಿನಲ್ಲಿ ಎಂಜಿನ್ ಟ್ಯಾಂಕಿಗಿಂತ ಮೇಲಾಗಿ ಪೆಟ್ರೋಲು ಹರಿಯೋದು ನಿಲ್ಲೋದು. ಅದಕ್ಕೆ ಜನ ಗಾಡಿ ತಿರುಗಿಸಿ, ರಿವರ್ಸ್ ಗೇರಿನಲ್ಲಿ ಬೆಟ್ಟ ಹತ್ತಿಸ್ತಿದ್ದರು! ಒಂದು ಭಾಗ ಕಮ್ಮಿ ಅಂದ್ರೆ ಕೆಡೋದೂ ಒಂದು ಕಮ್ಮಿ, ಅಷ್ಟೇ ಲೆಕ್ಕ.

ಕಾರು ಕತ್ತರಿಸಿ ಟ್ರಕ್ಕು ಮಾಡಿದ ಕಾಲ

ಈಗ 1930ರ ದಶಕಕ್ಕೆ ಬರೋಣ. 1929ರಲ್ಲಿ ಅಮೆರಿಕದಲ್ಲಿ ಸುಮಾರು 53 ಲಕ್ಷ ವಾಹನಗಳು ತಯಾರಾಗಿದ್ದವು. 1932ರ ಹೊತ್ತಿಗೆ ಅದು 13 ಲಕ್ಷದ ಆಸುಪಾಸಿಗೆ ಇಳಿಯಿತು. ಹೊಸ ಗಾಡಿ ಕೊಳ್ಳೋರಿಲ್ಲ. ಇದ್ದದ್ದನ್ನೇ ಓಡಿಸಬೇಕು. ಬರಗಾಲ, ಧೂಳಿನ ಬಿರುಗಾಳಿ, ಬ್ಯಾಂಕಿನ ಸಾಲಕ್ಕೆ ಸಿಕ್ಕಿ ಜಮೀನು ಕಳೆದುಕೊಂಡ ಸಾವಿರಾರು ಕುಟುಂಬಗಳು ಹಳೇ ಗಾಡಿಗಳಲ್ಲಿ ಮನೆ ಸಾಮಾನು ಹೇರಿಕೊಂಡು ಕ್ಯಾಲಿಫೋರ್ನಿಯಾ ಕಡೆ ಹೊರಟವು.

1939ರಲ್ಲಿ ಬಂದ ಜಾನ್ ಸ್ಟೈನ್‌ಬೆಕ್‌ನ ‘ದಿ ಗ್ರೇಪ್ಸ್ ಆಫ್ ರಾತ್’ ಕಾದಂಬರಿಯ ಮುಖ್ಯ ಪಾತ್ರಗಳಲ್ಲಿ ಒಂದು ಗಾಡಿಯೂ ಇದೆ ಅಂತ ನನಗೆ ಅನಿಸುತ್ತೆ. ಹಡ್ಸನ್ ಕಂಪನಿಯ ಹಳೇ ಕಾರನ್ನ ಕತ್ತರಿಸಿ ಹಿಂಭಾಗವನ್ನು ಟ್ರಕ್ಕು ಮಾಡಿಕೊಂಡ ಜೋಡ್ ಕುಟುಂಬ ಅದರಲ್ಲಿ ಊರು ಬಿಡುತ್ತದೆ. ದಾರಿಯಲ್ಲಿ ಜೊತೆಯಾದ ಇನ್ನೊಂದು ಕುಟುಂಬದ ಕಾರಿನ ಬೇರಿಂಗ್ ಹೋಗುತ್ತೆ. ಅಣ್ಣ ತಮ್ಮ ಇಬ್ಬರೂ ಗುಜರಿ ಅಂಗಡಿ ಹುಡುಕಿ ಹೋಗಿ, ಹಳೇ ಕನೆಕ್ಟಿಂಗ್ ರಾಡ್ ತಂದು, ರಸ್ತೆ ಬದಿಯಲ್ಲೇ ಎಂಜಿನ್ ಬಿಚ್ಚಿ ಕೂರಿಸುತ್ತಾರೆ. ಗಾಡಿ ನಿಂತರೆ ಕುಟುಂಬ ನಿಂತ ಹಾಗೆ. ಅವರ ಪಾಲಿಗೆ ಅದು ಊಟದ, ಕೂಲಿಯ ಪ್ರಶ್ನೆ.

ಕೆನಡಾದಲ್ಲಿ ಇನ್ನೂ ಕಷ್ಟ. ಪೆಟ್ರೋಲಿಗೂ ದುಡ್ಡಿಲ್ಲದ ರೈತರು ಕಾರಿನ ಎಂಜಿನ್ನನ್ನೇ ತೆಗೆದು ಕುದುರೆ ಕಟ್ಟಿದರು. ಆಗಿನ ಪ್ರಧಾನಿ ಆರ್.ಬಿ. ಬೆನೆಟ್ ಹೆಸರಲ್ಲಿ ಅದಕ್ಕೆ ‘ಬೆನೆಟ್ ಬಗ್ಗಿ’ ಅಂತ ಹೆಸರಿಟ್ಟರು. ನಗೆಯೂ ಇದೆ, ಸಿಟ್ಟೂ ಇದೆ ಆ ಹೆಸರಲ್ಲಿ.

ಯುದ್ಧ ಬಿಟ್ಟುಹೋದ ಗಾಡಿ

1942ರ ಜನವರಿಯಲ್ಲಿ ಅಮೆರಿಕ ಟೈರಿಗೆ ರೇಷನ್ ತಂದಿತು. ಫೆಬ್ರವರಿಯಲ್ಲಿ ಜನರ ಬಳಕೆಯ ಕಾರುಗಳ ತಯಾರಿಕೆ ನಿಂತೇಹೋಯಿತು. ಟೈರು ಉಳಿಸೋಕೆ ಗಂಟೆಗೆ 35 ಮೈಲಿ ವೇಗದ ಮಿತಿ ಬಂತು. ಹಳೇ ಗಾಡಿ ರಿಪೇರಿ ಮಾಡಿ ಓಡಿಸೋದು ಆಗ ದೇಶಸೇವೆ ಅನ್ನಿಸಿಕೊಂಡಿತು.

ಅದೇ ಯುದ್ಧ ಜೀಪನ್ನು ಕೊಟ್ಟಿತು. 1940ರಲ್ಲಿ ಅಮೆರಿಕದ ಸೇನೆ ಒಂದು ಹಗುರ, ನಾಲ್ಕೂ ಚಕ್ರಕ್ಕೆ ಶಕ್ತಿ ಇರುವ ಗಾಡಿ ಬೇಕು ಅಂತ ಕೇಳಿತು. ಅಮೆರಿಕನ್ ಬಾಂಟಮ್ ಅನ್ನೋ ಸಣ್ಣ ಕಂಪನಿ ಸೆಪ್ಟೆಂಬರ್ 23ಕ್ಕೆ ಮೊದಲ ಮಾದರಿ ತಂದು ನಿಲ್ಲಿಸಿತು. ದೊಡ್ಡ ಆರ್ಡರು ಮಾತ್ರ ಹೋದದ್ದು ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳಿಗೆ. ಯುದ್ಧ ಮುಗಿಯುವ ಹೊತ್ತಿಗೆ 6 ಲಕ್ಷಕ್ಕೂ ಹೆಚ್ಚು ಜೀಪು ತಯಾರಾಗಿದ್ದವು. ವಿಲ್ಲಿಸ್‌ನ 60 ಅಶ್ವಶಕ್ತಿಯ ಎಂಜಿನ್ನು, ಚಪ್ಪಟೆ ತಗಡಿನ ಬಾಡಿ, ಏಣಿಯಂಥ ಚಾಸಿ. ಎರಡೂ ಕಂಪನಿಯ ಗಾಡಿಗಳಿಗೆ ಬಹುಪಾಲು ಭಾಗಗಳು ಅದಲುಬದಲು ಆಗ್ತಿದ್ದವು. ಯುದ್ಧಭೂಮಿಯಲ್ಲಿ ಸಿಪಾಯಿಯೇ ಬಿಚ್ಚಿ ಜೋಡಿಸಬೇಕು ಅನ್ನೋ ಲೆಕ್ಕದಲ್ಲಿ ಮಾಡಿದ ಗಾಡಿ ಅದು. ಅದನ್ನೇ ಮುಂದೆ ರೈತ, ವ್ಯಾಪಾರಿ, ಡ್ರೈವರ್ ಬಳಸಿಕೊಂಡರು. ಫಿಲಿಪ್ಪೀನ್ಸ್‌ನಲ್ಲಿ ಬಿಟ್ಟುಹೋದ ಜೀಪುಗಳ ಹಿಂಭಾಗ ಉದ್ದ ಮಾಡಿ ಜನ ಸಾಗಿಸೋ ‘ಜೀಪ್ನಿ’ ಮಾಡ್ಕೊಂಡದ್ದು ಇದರ ದೊಡ್ಡ ಉದಾಹರಣೆ.

ಯುದ್ಧ ಬಿಟ್ಟುಹೋದ ಸಾಮಾನನ್ನು ಮತ್ತೆ ಓಡಿಸಿದ ಕಥೆ ಬೆಂಗಳೂರಿನಲ್ಲೂ ಇದೆ. ಇಲ್ಲಿ ಪಿಕಪ್‌ನಿಂದ ಸ್ವಲ್ಪ ಪಕ್ಕಕ್ಕೆ ಸರಿಯುತ್ತೀನಿ. 1940ರ ಡಿಸೆಂಬರ್‌ನಲ್ಲಿ ಮೈಸೂರು ಸರ್ಕಾರದ ಜೊತೆ ಸೇರಿ ವಾಲ್‌ಚಂದ್ ಹೀರಾಚಂದ್ ಶುರು ಮಾಡಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಯುದ್ಧದ ವೇಳೆ ಅಮೆರಿಕದ ವಿಮಾನಗಳನ್ನು ರಿಪೇರಿ ಮಾಡೋ ಡಿಪೋ ಆಗಿತ್ತು. ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಲಿಬರೇಟರ್ ಬಾಂಬರ್ ವಿಮಾನಗಳನ್ನು ರಾಶಿ ಹಾಕಿ ಬಿಟ್ಟಿದ್ದರು. ಮತ್ತೆ ಹಾರದ ಹಾಗೆ ಬೇಕಂತಲೇ ಹಾಳುಗೆಡವಿದ್ದರು ಕೂಡ. ಹೊಸ ಬಾಂಬರ್ ಕೊಳ್ಳೋಕೆ ಹೊಸ ದೇಶದ ಹತ್ತಿರ ದುಡ್ಡೆಲ್ಲಿ? ಎಚ್‌ಎಎಲ್‌ನವರು ಅಲ್ಲಿಗೆ ಹೋಗಿ, ಹಾರೋಷ್ಟರ ಮಟ್ಟಿಗೆ ಸರಿ ಮಾಡಿ, ಪೈಲಟ್ ಜಿಮ್ಮಿ ಮುನ್ಷಿ ಒಂದೊಂದಾಗಿ ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಇಲ್ಲಿ ಪೂರ್ತಿ ರಿಪೇರಿ ಆಯಿತು. ಹೀಗೆ ನಲವತ್ತಕ್ಕೂ ಹೆಚ್ಚು ವಿಮಾನ ಸಿದ್ಧವಾದವು. 1948ರ ನವೆಂಬರ್‌ನಲ್ಲಿ ವಾಯುಪಡೆಯ 5ನೇ ಸ್ಕ್ವಾಡ್ರನ್ ಇವುಗಳಿಂದಲೇ ಶುರುವಾಯಿತು. 1968ರವರೆಗೂ ಇವು ಸೇವೆಯಲ್ಲಿದ್ದವು.

155 ಜೀಪುಗಳ ಪಾಠ

ಅದೇ 1948ರಲ್ಲಿ ಇದಕ್ಕೆ ಪೂರಾ ಉಲ್ಟಾ ಆದ ಒಂದು ಘಟನೆಯೂ ಇದೆ. ಕಾಶ್ಮೀರದಲ್ಲಿ ಯುದ್ಧ ನಡೀತಿತ್ತು. ಸೇನೆಗೆ ತುರ್ತಾಗಿ ಜೀಪು ಬೇಕಿತ್ತು. ಲಂಡನ್ನಿನಲ್ಲಿ ಹೈಕಮಿಷನರ್ ಆಗಿದ್ದ ವಿ.ಕೆ. ಕೃಷ್ಣ ಮೆನನ್ ಅಲ್ಲಿನ ಒಂದು ಕಂಪನಿಯ ಜೊತೆ, ರಿಪೇರಿ ಮಾಡಿ ಸಿದ್ಧಪಡಿಸಿದ ಹಳೇ ಜೀಪುಗಳಿಗೆ ಒಪ್ಪಂದ ಮಾಡಿದರು. ಸುಮಾರು 80 ಲಕ್ಷ ರೂಪಾಯಿಯ ವ್ಯವಹಾರ ಅಂತ ಲೆಕ್ಕ. ಬಂದದ್ದು 155 ಜೀಪು. ನೋಡಿದರೆ ಬಳಸೋ ಸ್ಥಿತಿಯಲ್ಲೇ ಇಲ್ಲ. ಸಂಸತ್ತಿನಲ್ಲಿ ಗದ್ದಲ ಆಯಿತು. 1955ರಲ್ಲಿ ಸರ್ಕಾರ ಪ್ರಕರಣ ಮುಗಿಯಿತು ಅಂತ ಘೋಷಿಸಿತು. 1956ರಲ್ಲಿ ಮೆನನ್ ಕೇಂದ್ರ ಮಂತ್ರಿಯಾದರು.

ರಾಜಕೀಯ ಪಕ್ಕಕ್ಕಿಡೋಣ. ಹಳೇ ಗಾಡಿ ಕೊಳ್ಳೋರಿಗೆ ಇದರಲ್ಲಿ ಒಂದು ಪಾಠ ಇದೆ. ಬೆಂಗಳೂರಿನಲ್ಲಿ ಕೆಲಸ ಮಾಡುವವರೇ ಗಾಡಿಯ ಹತ್ತಿರ ಹೋಗಿ, ಕೈಯಿಟ್ಟು ನೋಡಿ, ಬಿಚ್ಚಿ, ಏನು ಹೋಗಿದೆ ಅಂತ ತಿಳಿದು ಸರಿ ಮಾಡಿದರು. ಜೀಪಿನ ವ್ಯವಹಾರದಲ್ಲಿ ‘ಎಲ್ಲಾ ಕೆಲಸ ಆಗಿದೆ’ ಅನ್ನೋ ಬೇರೆಯವರ ಮಾತನ್ನು ದುಡ್ಡು ಕೊಟ್ಟು ಕೊಂಡರು. ಹೊಸದಾಗಿ ಬಣ್ಣ ಹೊಡೆದ ಹಳೇ ಪಿಕಪ್ ಮುಂದೆ ನಿಂತಾಗ ಈ 155 ಜೀಪು ನೆನಪಿಗೆ ಬಂದರೆ ಒಳ್ಳೇದು.

ಮಲೆನಾಡಿಗೆ ಜೀಪು ಬಂತು

ಜೀಪು ನಮ್ಮ ದೇಶದಲ್ಲಿ ನೆಲೆಯಾಗಿದ್ದು ಇನ್ನೊಂದು ದಾರಿಯಿಂದ. 1945ರಲ್ಲಿ ಶುರುವಾದ ಮಹೀಂದ್ರ ಅಂಡ್ ಮೊಹಮ್ಮದ್ ಕಂಪನಿಯ ಪಾಲುದಾರ ಗುಲಾಂ ಮೊಹಮ್ಮದ್ ದೇಶ ವಿಭಜನೆಯಾದಾಗ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದರು. 1948ರಲ್ಲಿ ಕಂಪನಿಯ ಹೆಸರು ಮಹೀಂದ್ರ ಅಂಡ್ ಮಹೀಂದ್ರ ಆಯಿತು. ಮೊದಲು ಬಿಡಿಭಾಗಗಳಾಗಿ ಬಂದ ವಿಲ್ಲಿಸ್ ಜೀಪುಗಳನ್ನು ಮುಂಬಯಿಯಲ್ಲಿ ಜೋಡಿಸಿದರು. ಬರಬರುತ್ತಾ ಇಲ್ಲೇ ತಯಾರಿಸಿದರು. ಅಮೆರಿಕದಲ್ಲಿ ಮಾದರಿ ಬದಲಾದರೂ ಇಲ್ಲಿ ಅದೇ ಮೂಲ ವಿನ್ಯಾಸ ದಶಕಗಟ್ಟಲೆ ಮುಂದುವರಿಯಿತು.

ಹೊಸದು ಬರಲಿಲ್ಲ ಅಂತ ಇದನ್ನ ಬೈಯೋರೂ ಇದ್ದಾರೆ. ಆದರೆ ರಿಪೇರಿಯ ಕಣ್ಣಿನಿಂದ ನೋಡಿ. ಮಾಡೆಲ್ ಟಿಗೆ ಆದದ್ದೇ ಇಲ್ಲೂ ಆಯಿತು. ಹಳೇ ಜೀಪಿನ ಭಾಗ ಹೊಸ ಜೀಪಿಗೆ, ಹೊಸದರ ಭಾಗ ಹಳೇದಕ್ಕೆ ಹೊಂದುತ್ತಿದ್ದವು. ಕೊಡಗು, ಚಿಕ್ಕಮಗಳೂರು, ಶಿವಮೊಗ್ಗದ ಕಡೆ ತೋಟದ ಗೊಬ್ಬರ, ಕಾಫಿ ಚೀಲ, ಅಡಿಕೆ ಮೂಟೆ, ಶಾಲೆ ಮಕ್ಕಳು, ಆಸ್ಪತ್ರೆಗೆ ಹೋಗೋರು ಎಲ್ಲರಿಗೂ ಅದೇ ಗಾಡಿ. ಇವತ್ತಿಗೂ ಕೊಲ್ಲೂರು ಕಡೆಯಿಂದ ಕೊಡಚಾದ್ರಿ ಹತ್ತೋಕೆ, ಮಡಿಕೇರಿ ಹತ್ತಿರ ಮಾಂದಲ್‌ಪಟ್ಟಿಗೆ ಹೋಗೋಕೆ ಜೀಪೇ ಬೇಕು. ಆ ಕಲ್ಲುದಾರಿಯಲ್ಲಿ ದಿನಾ ಓಡೋ ಗಾಡಿಗಳು ದಿನಾ ಏನಾದರೂ ಬಿಚ್ಚಿ ಕಟ್ಟಿಸಿಕೊಳ್ಳುತ್ತಲೇ ಇರುತ್ತವೆ.

1973ರ ನಂತರ ಪೆಟ್ರೋಲ್ ಬೆಲೆ ಏರಿತು. ಆಗ ಗ್ಯಾರೇಜುಗಳಲ್ಲಿ ಒಂದು ದೊಡ್ಡ ಪ್ರಯೋಗ ನಡೆಯಿತು. ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಎಂಜಿನ್ ಏರಿಸೋದು. ಕೇಳೋಕೆ ಸುಲಭ. ಆದರೆ ಎಂಜಿನ್ನೂ ಗೇರ್‌ಬಾಕ್ಸೂ ಒಂದಕ್ಕೊಂದು ಕೂರೋಕೆ ಲೇತ್‌ನಲ್ಲಿ ಅಡಾಪ್ಟರ್ ಪ್ಲೇಟು ಮಾಡಿಸಬೇಕು. ಕೂದಲೆಳೆಯಷ್ಟು ವಾರೆಯಾದರೂ ಕ್ಲಚ್ಚು, ಬೇರಿಂಗು ಬೇಗ ಹೋಗುತ್ತೆ. ಡೀಸೆಲ್ ಎಂಜಿನ್ ಭಾರ ಜಾಸ್ತಿ, ಅದಕ್ಕೆ ಮುಂದಿನ ಸ್ಪ್ರಿಂಗಿಗೆ ಒಂದು ಪ್ಲೇಟು ಹೆಚ್ಚು ಬೇಕು. ನಡುಕ ಜಾಸ್ತಿ, ಮೌಂಟಿಂಗ್ ಇರೋ ಜಾಗದಲ್ಲಿ ಚಾಸಿ ಬಿರುಕು ಬಿಡಬಹುದು. ಇಷ್ಟೆಲ್ಲ ಲೆಕ್ಕವನ್ನು ಇಂಜಿನಿಯರಿಂಗ್ ಕಾಲೇಜಿನ ಮೆಟ್ಟಿಲು ಹತ್ತದವರು ಕಣ್ಣಳತೆಯಲ್ಲಿ, ಕೈಯಳತೆಯಲ್ಲಿ ಕಲಿತರು. 1980ರ ದಶಕದಲ್ಲಿ ಫ್ರಾನ್ಸಿನ ಪೂಜೊ ವಿನ್ಯಾಸದ ಡೀಸೆಲ್ ಎಂಜಿನ್ ಇರುವ ಎಂಎಂ 540 ಜೀಪನ್ನು ಕಂಪನಿಯೇ ತಂದಿತು. ಇಲ್ಲೂ ನೋಡಿ, ಗ್ಯಾರೇಜಿನವರು ಡೀಸೆಲ್ ದಾರಿಯಲ್ಲಿ ಆಗಲೇ ಸಾಕಷ್ಟು ದೂರ ಹೋಗಿದ್ದರು.

ಇಪ್ಪತ್ತು ಥೌ, ನಲವತ್ತು ಥೌ

ಹಳೇ ಎಂಜಿನ್ ಕೆಲಸ ಮಾಡಿಸಿದೋರಿಗೆ ‘ಇಪ್ಪತ್ತು ಥೌ’ ಅನ್ನೋ ಮಾತು ಗೊತ್ತಿರುತ್ತೆ. ಥೌ ಅಂದ್ರೆ ಇಂಚಿನ ಸಾವಿರದ ಒಂದು ಭಾಗ. ಸಿಲಿಂಡರು ಸವೆದಾಗ ಅದನ್ನ ಇಪ್ಪತ್ತು ಥೌ ಕೊರೆದು, ಅಷ್ಟೇ ದಪ್ಪ ಹೆಚ್ಚಿರೋ ಪಿಸ್ಟನ್ ಹಾಕ್ತಾರೆ. ಮತ್ತೆ ಸವೆದರೆ ನಲವತ್ತು ಥೌ. ಅದೂ ಮುಗಿದರೆ ಒಳಗೆ ಸ್ಲೀವ್ ಇಳಿಸಿ ಮೊದಲಿನ ಅಳತೆಗೆ ತರ್ತಾರೆ. ಕ್ರ್ಯಾಂಕಿಗೂ ಹೀಗೇ, ಉಜ್ಜಿ ತೆಳ್ಳಗೆ ಮಾಡಿ, ದಪ್ಪ ಬೇರಿಂಗ್ ಹಾಕೋದು.

ಇದರ ಅರ್ಥ ಏನು ಗೊತ್ತಾ? ಈ ಎಂಜಿನ್ ಒಂದು ದಿನ ಸವೆಯುತ್ತೆ, ಆಗ ಯಾರೋ ಇದನ್ನ ಮತ್ತೆ ಸರಿ ಮಾಡ್ತಾರೆ ಅಂತ ತಯಾರಿಸಿದವರೇ ಯೋಚಿಸಿ ಲೋಹದಲ್ಲಿ ಜಾಗ ಬಿಟ್ಟಿದ್ದರು. ಪಿಸ್ಟನ್ ಮಾಡೋ ಕಂಪನಿ ಹೆಚ್ಚಿನ ಅಳತೆಯನ್ನೂ ಮಾಡ್ತಿತ್ತು. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿ, ಶಿವಾಜಿನಗರದ ಗುಜರಿ, ತಾಲ್ಲೂಕು ಕೇಂದ್ರದ ಲೇತ್ ಅಂಗಡಿ, ಇವೆಲ್ಲ ಆ ಬಿಟ್ಟ ಜಾಗದಲ್ಲೇ ಬದುಕು ಕಟ್ಟಿಕೊಂಡವು.

ಕಮ್ಮಿ ದುಡ್ಡಲ್ಲಿ ಪಿಕಪ್ ಎಬ್ಬಿಸೋರಿಗೆ ಈ ಇತಿಹಾಸ ಕೆಲಸದ ಕ್ರಮವನ್ನೂ ಹೇಳುತ್ತೆ. ಮೊದಲು ಚಾಸಿ. ಸುತ್ತಿಗೆಯಲ್ಲಿ ತಟ್ಟಿ ನೋಡಿ. ತುಕ್ಕು ಪೂರ್ತಿ ತಿಂದಿದ್ದರೆ ಮುಂದಿನ ಖರ್ಚೆಲ್ಲ ನೀರಿಗೆ ಹಾಕಿದ ಹಾಗೆ. ಆಮೇಲೆ ಬ್ರೇಕು, ಸ್ಟೀರಿಂಗು, ಟೈರು. ಇಲ್ಲಿ ಗುಜರಿ ಭಾಗ ಬೇಡ, ಹೊಸದೇ ಹಾಕಿ, ಯಾಕಂದ್ರೆ ಇದು ನಿಮ್ಮದೂ ಎದುರಿಗೆ ಬರೋರದ್ದೂ ಜೀವದ ಪ್ರಶ್ನೆ. ಬಾಗಿಲು, ಬಾನೆಟ್, ಡಾಲಾ, ಸೀಟು ಗುಜರಿಯಲ್ಲಿ ತಂದರೆ ನಷ್ಟ ಇಲ್ಲ. ಎಂಜಿನ್ ಬಿಚ್ಚೋ ಮುಂಚೆ ಕಂಪ್ರೆಷನ್ ನೋಡಿಸಿ. ಎಷ್ಟೋ ಸಲ ಡೀಸೆಲ್ ಪೈಪು, ಫಿಲ್ಟರ್, ನಾಜಲ್ ಸರಿ ಮಾಡಿದರೆ ಮುಗಿಯೋ ಕೆಲಸಕ್ಕೆ ಇಡೀ ಎಂಜಿನ್ ಇಳಿಸಿರ್ತಾರೆ. ಬಣ್ಣ ಕೊನೆಗೆ. ದುಡ್ಡು ಮುಗಿದರೆ ಬಣ್ಣ ಕಾಯುತ್ತೆ, ಬ್ರೇಕು ಕಾಯಲ್ಲ.

ಈಗ ಪ್ರಶ್ನೆ ಯಾರ ಕೈಯಲ್ಲಿದೆ?

ಇಷ್ಟು ದಿನ ಇದು ಗಾಡಿ ಇಟ್ಟೋನು ಮತ್ತು ಮೆಕ್ಯಾನಿಕ್ ಇಬ್ಬರ ನಡುವಿನ ವಿಷಯ ಆಗಿತ್ತು. ಈಗ ಕಾನೂನೂ ಮಧ್ಯೆ ಬಂದಿದೆ, ಬರಲೇಬೇಕಿತ್ತು ಕೂಡ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿ ಕೊಟ್ಟ ಮೂಲ ವಿನ್ಯಾಸಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸೋ ಹಾಗಿಲ್ಲ ಅಂತ. ಹಿಂದೆ ಗ್ಯಾರೇಜುಗಳಲ್ಲಿ ಸಲೀಸಾಗಿ ನಡೀತಿದ್ದ ಎಷ್ಟೋ ಬದಲಾವಣೆ ಇವತ್ತು ಮಾಡಿದರೆ ಆರ್‌ಟಿಓದಲ್ಲಿ ಸಿಕ್ಕಿಹಾಕ್ಕೊಳ್ತೀರಿ. ಎಂಜಿನ್ ಬದಲಾಯಿಸಬೇಕಾದರೆ ಮೊದಲು ಅನುಮತಿ ತಗೊಳ್ಳಿ.

2021ರ ಆಗಸ್ಟ್‌ನಲ್ಲಿ ಕೇಂದ್ರದ ಗುಜರಿ ನೀತಿ ಬಂತು. 2022ರ ಏಪ್ರಿಲ್‌ನಿಂದ 15 ವರ್ಷ ದಾಟಿದ ಗಾಡಿಗಳ ಶುಲ್ಕ ಏರಿತು. ಕಾರಿನ ನೋಂದಣಿ ನವೀಕರಣ 600 ರೂಪಾಯಿ ಇದ್ದದ್ದು 5,000 ಆಯಿತು. ಸರಕು ಗಾಡಿಗಳ ಎಫ್‌ಸಿ ಶುಲ್ಕವೂ ಹೆಚ್ಚಾಯಿತು. ಎಂಟು ವರ್ಷ ದಾಟಿದ ಸರಕು ಗಾಡಿಗೆ ವರ್ಷಾವರ್ಷ ಎಫ್‌ಸಿ ಮಾಡಿಸಲೇಬೇಕು. ಇದಕ್ಕೆ ಕಾರಣಗಳಿಲ್ಲ ಅಂತಲ್ಲ. ಹಳೇ ಡೀಸೆಲ್ ಗಾಡಿಯ ಹೊಗೆ ಕುಡಿಯೋದು ರಸ್ತೆ ಬದಿ ವ್ಯಾಪಾರ ಮಾಡೋ ಬಡವರೇ. ಬ್ರೇಕಿಲ್ಲದ ಪಿಕಪ್‌ನ ಡಾಲಾದಲ್ಲಿ ಕೂತು ಸಾಯೋದೂ ಕೂಲಿ ಕೆಲಸದವರೇ. ಹಾಗಾಗಿ ಪರೀಕ್ಷೆ ಬೇಡ ಅನ್ನೋ ವಾದ ನನ್ನದಲ್ಲ. ಗಾಡಿಯ ವಯಸ್ಸಿಗಿಂತ ಅದರ ಸ್ಥಿತಿ ನೋಡಿ ಅಳೆಯಬೇಕು, ಸರಿಯಾಗಿ ರಿಪೇರಿ ಮಾಡಿಸಿದೋನಿಗೆ ಅದರ ಲಾಭ ಸಿಗಬೇಕು ಅನ್ನೋದಷ್ಟೇ ನನ್ನ ಮಾತು.

ಇನ್ನೊಂದು ಕಡೆ ಹೊಸ ಗಾಡಿಗಳು. 2020ರ ಏಪ್ರಿಲ್‌ನಿಂದ ಬಿಎಸ್ 6 ಬಂದ ಮೇಲೆ ಹೊಗೆ ಕಮ್ಮಿ ಆಯಿತು, ಒಳ್ಳೇದೇ. ಆದರೆ ಎಂಜಿನ್ ತುಂಬ ಸೆನ್ಸರ್‌ಗಳು. ಏನು ಕೆಟ್ಟಿದೆ ಅಂತ ತಿಳಿಯೋಕೇ ಸ್ಕ್ಯಾನರ್ ಬೇಕು, ಕೆಲವು ಕೆಲಸಕ್ಕೆ ಕಂಪನಿಯ ಸಾಫ್ಟ್‌ವೇರೇ ಬೇಕು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 2012ರಲ್ಲಿ ಈ ವಿಷಯ ಜನಮತಕ್ಕೆ ಹೋಯಿತು. ಕಾರಿನ ಮಾಹಿತಿ ಹೊರಗಿನ ಗ್ಯಾರೇಜುಗಳಿಗೂ ಸಿಗಬೇಕು ಅಂತ ಶೇ. 80ಕ್ಕೂ ಹೆಚ್ಚು ಜನ ಮತ ಹಾಕಿದರು. 2014ರಲ್ಲಿ ಕಂಪನಿಗಳು ಇಡೀ ದೇಶಕ್ಕೆ ಅನ್ವಯಿಸೋ ಒಪ್ಪಂದಕ್ಕೆ ಬಂದವು. ನಮ್ಮಲ್ಲಿ 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ ‘ರಿಪೇರಿ ಹಕ್ಕಿ’ನ ಬಗ್ಗೆ ಸಮಿತಿ ಮಾಡಿತು. ವಾಹನ, ಕೃಷಿ ಉಪಕರಣ, ಮೊಬೈಲ್ ಎಲ್ಲ ಅದರ ವ್ಯಾಪ್ತಿಯಲ್ಲಿವೆ.

ಇದು ಯಾಕೆ ಮುಖ್ಯ ಅಂದ್ರೆ, ಇವತ್ತು ಶೋರೂಮಿನಿಂದ ಹೊರಬರೋ ಪಿಕಪ್ಪೇ ಹದಿನೈದು ವರ್ಷದ ನಂತರ ಮೂರನೇ ಕೈ, ನಾಲ್ಕನೇ ಕೈ ದಾಟಿ ಒಬ್ಬ ಟೊಮೆಟೊ ಬೆಳೆಗಾರನ ಹತ್ತಿರ ಬರೋದು. ಅವನು ಕೋಲಾರದ ಮಾರುಕಟ್ಟೆಗೆ ಬೆಳಗಿನ ಜಾವ ಮಾಲು ಮುಟ್ಟಿಸಬೇಕು. ದಾರಿಯಲ್ಲಿ ನಿಂತರೆ ಹತ್ತಿರದ ಊರಿನ ಗ್ಯಾರೇಜಿನ ಹುಡುಗನಿಗೆ ಆ ಗಾಡಿ ಬಿಚ್ಚೋ ವಿದ್ಯೆ, ಅದಕ್ಕೆ ಬೇಕಾದ ಮಾಹಿತಿ, ಕೈಗೆಟುಕೋ ಬೆಲೆಗೆ ಬಿಡಿಭಾಗ ಮೂರೂ ಸಿಗಬೇಕು. ಮಾಡೆಲ್ ಟಿ ಕಾಲದ ರೈತನಿಗೆ, ಕೊಡಚಾದ್ರಿ ಜೀಪಿನ ಡ್ರೈವರ್‌ಗೆ ಆ ಮೂರೂ ಸಿಕ್ಕಿದ್ದವು. ಇವನಿಗೂ ಸಿಗೋ ಹಾಗೆ ಈಗಲೇ ನಿಯಮ ಬರೆಯಬೇಕು.

ನಿಮ್ಮ ಮನೆಯಲ್ಲೋ ಊರಲ್ಲೋ ಹೀಗೆ ಎಬ್ಬಿಸಿದ ಹಳೇ ಗಾಡಿ ಇದ್ದರೆ, ಯಾವ ಕೆಲಸಕ್ಕೆ ಎಷ್ಟು ಖರ್ಚಾಯಿತು, ಯಾವ ಭಾಗ ಎಲ್ಲಿ ಸಿಕ್ಕಿತು ಅಂತ ಒಂದು ಪುಸ್ತಕದಲ್ಲಿ ಬರೆದಿಡಿ. ಮುಂದೆ ಅದನ್ನ ಓಡಿಸೋನಿಗೆ ಆ ಪುಸ್ತಕ ಆರ್‌ಸಿಯಷ್ಟೇ ಬೆಲೆಯುಳ್ಳದ್ದು.